ಯಾರಿಗೂ ಗೊತ್ತಿಲ್ಲದ ಹಾಡು ಬೇಕಾಗಿತ್ತು

ಬಂಗಡೆಯನ್ನು ನಮ್ಮ ಕಡೆ ಯಾರಿಗೂ ಮೋಸ ಮಾಡಿ ಮಾರಲು ಬರುವುದಿಲ್ಲ. ಕೊಳ್ಳುವವಳು ಕಣ್ಣು ನೋಡುತ್ತಾಳೆ, ಕಿವಿರು ಎತ್ತುತ್ತಾಳೆ, ಹೊಟ್ಟೆಯನ್ನು ಹೆಬ್ಬೆರಳಿನಿಂದ ಒತ್ತುತ್ತಾಳೆ, "ನಿನ್ನೇದು ಇದು" ಎಂದು ವಾಪಸು ಬುಟ್ಟಿಗೆ ಎಸೆಯುತ್ತಾಳೆ. ಹುಟ್ಟಿದಾಗಿನಿಂದ ಬಂಗಡೆ ತಿಂದವಳ ಮುಂದೆ ಯಾವ ಮಾತುಗಾರಿಕೆಯೂ ನಡೆಯುವುದಿಲ್ಲ. ಆದರೆ ಆಳ ಸಮುದ್ರಕ್ಕೆ ಹೋದ ಬೋಟಿಗೆ ಅಪರೂಪಕ್ಕೆ ಸಿಗುವ, ಹೆಸರು ಕೂಡ ಸರಿಯಾಗಿ ಗೊತ್ತಿಲ್ಲದ ಒಂದು ಮೀನನ್ನು ಅದೇ ಹಲಗೆಯ ಮೇಲೆ ಇಟ್ಟು ನೋಡಿ. ಅದೇ ಹೆಂಗಸು ಸ್ವಲ್ಪ ಹಿಂದೆ ಸರಿದು ನಿಂತು ಕೇಳುತ್ತಾಳೆ: "ಇದರ ಕಣ್ಣು ಹಿಂಗೇ ಇರೂದಾ?" ಹಿಂಗೇ ಇರೂದು ಎಂದರೆ ಮುಗಿಯಿತು. ಗೊತ್ತಿಲ್ಲದ ಮೀನಿನಲ್ಲಿ ತಪ್ಪು ಹಿಡಿಯುವವರಿಲ್ಲ.

ಮೀನಿನ ಟೆಂಪೊ ಓಡಿಸುತ್ತಲೇ ತಲೆ ಹಣ್ಣಾದವ ನಾನು. ಹೊನ್ನಾವರದ ಬಂದರಿನಲ್ಲಿ ತುಂಬಿ ದಕ್ಷಿಣಕ್ಕೆ ಹೊರಟರೆ ಭಟ್ಕಳ, ಉತ್ತರಕ್ಕೆ ಹೊರಟರೆ ಕುಮಟಾ. ನನ್ನ ಭೂಗೋಳ ಇಷ್ಟೇ. ಈ ದಾರಿಯಲ್ಲಿ ಕಲಿತ ವಿದ್ಯೆಯನ್ನೆಲ್ಲ ನಾನು ಬದುಕಿನ ಬೇರೆ ಬೇರೆ ಕಡೆ ಉಪಯೋಗಿಸಿದ್ದೇನೆ, ಹೆಚ್ಚಿನ ಸಲ ಲಾಭವೇ ಆಗಿದೆ. ಆ ಧೈರ್ಯದಲ್ಲಿ ಮೇಲೆ ಹೇಳಿದ ಮೀನಿನ ನಿಯಮವನ್ನು ಈ ವರ್ಷ ಹಾಡಿನ ಮೇಲೆ ಪ್ರಯೋಗ ಮಾಡಲು ಹೋದೆ. ಏನಾಯಿತು ಎಂದು ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ನನ್ನ ಮಗಳು ಸುಪ್ರಿಯಾಳ ಮದುವೆ ಕುಮಟಾದ ಹುಡುಗನ ಜೊತೆ ನಿಶ್ಚಯವಾಯಿತು. ಹುಡುಗ ಒಳ್ಳೆಯವನು, ಬೀಗರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಬೀಗಿತ್ತಿ ನಗುಮುಖದವರು. ತೊಂದರೆ ಒಂದೇ: ಆ ಮನೆಯವರೆಲ್ಲ ಹಾಡುತ್ತಾರೆ. ಹಾಡುತ್ತಾರೆ ಎಂದರೆ ನಮ್ಮ ಹಾಗೆ ನೀರು ಸೇದುವಾಗಲೋ ಗಾಡಿ ತೊಳೆಯುವಾಗಲೋ ಅಲ್ಲ. ಟಿವಿಗೆ ಮೊಬೈಲು ಜೋಡಿಸಿ, ಅದರಿಂದ ಬರೀ ವಾದ್ಯದ ಸದ್ದು ಬರಿಸಿ, ಪರದೆಯ ಮೇಲೆ ಸಾಲುಗಳು ಓಡುತ್ತಿರುವಾಗ, ಕೈಯಲ್ಲಿ ವಯರಿಲ್ಲದ ಮೈಕು ಹಿಡಿದು ಹಾಡುತ್ತಾರೆ. ಕರೋಕೆ. ತಿಂಗಳಿಗೊಂದು ಭಾನುವಾರ ಊಟವಾದ ಮೇಲೆ ಅವರ ಮನೆಯಲ್ಲಿ ಇದೇ ಪೂಜೆ. ನಿಶ್ಚಯವಾದ ನಂತರದ ಭಾನುವಾರಕ್ಕೆ ನಮಗೂ ಕರೆ ಬಂತು.

"ಅಪ್ಪ, ಎಲ್ರೂ ಒಂದೊಂದ್ ಹಾಡ್ ಹೇಳೂಕೇ ಬೇಕಂತೆ. ನೀನೂವಾ," ಎಂದಳು ಮಗಳು.

ಹಾಡಲು ಬರುವುದಿಲ್ಲ ಎಂದು ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಹೇಳಬಹುದಿತ್ತು. ಆದರೆ 'ಬರುವುದಿಲ್ಲ' ಎಂಬ ಶಬ್ದ ನನ್ನ ಬಾಯಲ್ಲಿ ಬರುವುದಿಲ್ಲ. ಆರನೇ ಇಯತ್ತೆಗೆ ಶಾಲೆ ಬಿಟ್ಟು ಬಂದರಿನಲ್ಲಿ ಬುಟ್ಟಿ ಹೊರಲು ನಿಂತವನಿಗೆ ಆ ಶಬ್ದ ಉಪಯೋಗಕ್ಕೆ ಬೀಳಲಿಲ್ಲ. ಸ್ಟೇರಿಂಗ್ ಹಿಡಿಯಲು ಬರುತ್ತದೋ ಎಂದರು, ಬರುತ್ತದೆ ಎಂದೆ, ಆಮೇಲೆ ಕಲಿತೆ. ಗೇರ್‌ಬಾಕ್ಸ್ ಬಿಚ್ಚಲು ಬರುತ್ತದೋ ಎಂದರು, ಬರುತ್ತದೆ ಎಂದೆ, ಬಿಚ್ಚಿದ ಮೇಲೆ ಜೋಡಿಸಲೂ ಕಲಿತೆ. ಶಾಲೆಗೆ ಹೋದವರಿಗೆ 'ಗೊತ್ತಿಲ್ಲ' ಎಂದು ಹೇಳುವ ಸುಖ ಇದೆ. ಅವರ ಬೆನ್ನಿಗೆ ಸರ್ಟಿಫಿಕೇಟು ನಿಂತಿರುತ್ತದೆ. ನನ್ನಂಥವ ಒಂದು ಸಲ 'ಗೊತ್ತಿಲ್ಲ' ಎಂದರೆ ಎದುರಿನವರು "ಹಾಂ, ಅದಕ್ಕೇ" ಎನ್ನುತ್ತಾರೆ. ಬಾಯಲ್ಲಿ ಎನ್ನದಿದ್ದರೂ ಕಣ್ಣಲ್ಲಿ ಎನ್ನುತ್ತಾರೆ.

ಇನ್ನೂ ಒಂದು ಕಾರಣವಿತ್ತು. ಹೆಣ್ಣು ನೋಡಲು ಬಂದ ದಿನ ಬೀಗರ ಅಕ್ಕನೂ ಬಂದಿದ್ದರು. ಮನೆಯಲ್ಲಿ ಅವರ ಮಾತೇ ಕೊನೆಯ ಮಾತು ಎಂಬುದು ಅವರು ಕುರ್ಚಿಯಲ್ಲಿ ಕೂತ ರೀತಿಯಿಂದಲೇ ಗೊತ್ತಾಗುತ್ತಿತ್ತು. ಹೊರಡುವಾಗ ಅಂಗಳದಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ಅವರು ತಮ್ಮನ ಹತ್ತಿರ ಅಂದರು: "ಹುಡುಗಿ ಕಲ್ತವಳು, ಚೊಲೋ ಅದೆ. ಹುಡುಗಿ ಮನೆಯವ್ರು..." ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ನನ್ನನ್ನು ಕಂಡು ನಕ್ಕರು, ಮಾತು ಅಲ್ಲಿಗೇ ನಿಂತಿತು.

ಅವರು ಮಾತು ಮುಗಿಸಿದ್ದರೆ ನಾನು ಮರೆತುಬಿಡುತ್ತಿದ್ದೆನೋ ಏನೋ. ಬೈಗುಳವಾದರೂ ಪೂರ್ತಿಯಾದದ್ದು ಕರಗುತ್ತದೆ, ಅರ್ಧವಾದದ್ದು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ನಿಲ್ಲುತ್ತದೆ. ಹುಡುಗಿ ಮನೆಯವರು ಏನು? ಮೀನಿನವರು? ಓದದವರು? ಒರಟರು? ನಾನು ಗಾಡಿ ಓಡಿಸುವಾಗಲೆಲ್ಲ ಆ ವಾಕ್ಯಕ್ಕೆ ಒಂದೊಂದು ಬಾಲ ಅಂಟಿಸಿ ನೋಡಿದೆ. ಯಾವ ಬಾಲವೂ ಚಂದ ಕಾಣಲಿಲ್ಲ. ನಾಳೆ ಆ ಮನೆಯಲ್ಲಿ ಬಾಳಬೇಕಾದವಳು ನನ್ನ ಮಗಳು. ಆ ವಾಕ್ಯವನ್ನು ಆ ಭಾನುವಾರ ಎಲ್ಲರ ಎದುರಿಗೆ ನನ್ನ ಗಂಟಲೇ ಪೂರ್ತಿ ಮಾಡಿಬಿಟ್ಟರೆ? ನನ್ನ ಹೆದರಿಕೆ ಇದೇ ಆಗಿತ್ತು.

ಹಾಡಬೇಕು ಎಂದಾಯಿತು. ಯಾವ ಹಾಡು?

ಊರಿಗೆಲ್ಲ ಗೊತ್ತಿರುವ ಹಾಡು ಬಂಗಡೆ ಇದ್ದ ಹಾಗೆ. ರೇಡಿಯೋ ಕಾಲದಿಂದ ಎಲ್ಲರ ಕಿವಿಯಲ್ಲೂ ಅದರ ಮುಳ್ಳುಗಳ ಲೆಕ್ಕ ಇದೆ. ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು, ಎಲ್ಲಿ ಗಾಯಕ ಸಣ್ಣಗೆ ನಕ್ಕಿದ್ದಾನೆ, ಎಲ್ಲ ಗೊತ್ತು. ಯಕ್ಷಗಾನದಲ್ಲಿಯೂ ಇದೇ ಕತೆ ನೋಡಿ. ಹಳೆಯ ಪ್ರಸಂಗ ಆಡಿಸಿದರೆ ಎದುರಿನ ಸಾಲಿನಲ್ಲಿ ಕೂತ ಹಲ್ಲಿಲ್ಲದ ಅಜ್ಜ ಭಾಗವತರಿಗಿಂತ ಮೊದಲೇ ಪದ ಎತ್ತುತ್ತಾನೆ. ಹೊಸ ಪ್ರಸಂಗವಾದರೆ ಅದೇ ಅಜ್ಜ ಗಲ್ಲಕ್ಕೆ ಕೈಕೊಟ್ಟು ಸುಮ್ಮನೆ ಕೂರುತ್ತಾನೆ. ಭಾಗವತರು ಎಡವಿದರೆ ಅದೂ ಹೊಸ ಮಟ್ಟೇ ಇರಬೇಕು ಎಂದುಕೊಳ್ಳುತ್ತಾನೆ. ಆದ್ದರಿಂದ ನನಗೆ ಬೇಕಾದದ್ದು ಯಾರೂ ಕೇಳಿರದ ಹಾಡು. ಆದರೆ ನಾನು ಮಾತ್ರ ಚೆನ್ನಾಗಿ ಬಲ್ಲ ಹಾಡು.

ಅಂಥದ್ದು ನನ್ನ ಹತ್ತಿರ ಒಂದೇ ಒಂದಿತ್ತು.

ಮದುವೆಯಾದ ಹೊಸತರಲ್ಲಿ ಭಟ್ಕಳದ ಜಾಫರ್ ಭಾಯಿಯ ಅಂಗಡಿಯಲ್ಲಿ ಒಂದು ಕ್ಯಾಸೆಟ್ಟು ಕೊಂಡಿದ್ದೆ. ಮೊದಲ ಬದಿಯಲ್ಲಿ ಎಲ್ಲರೂ ಗುನುಗುವ ಹಾಡುಗಳು, ಎರಡನೇ ಬದಿಯಲ್ಲಿ ಜಾಗ ತುಂಬಲು ಹಾಕಿದ ಹಾಡುಗಳು. ಆ ಎರಡನೇ ಬದಿಯ ನಡುವಿನಲ್ಲಿ ಒಂದು ಜೋಡಿ ಹಾಡು. ಯಾವ ಸಿನೆಮಾದ್ದೋ, ಆ ಸಿನೆಮಾ ಹೊನ್ನಾವರಕ್ಕೆ ಬಂದಿತ್ತೋ ಇಲ್ಲವೋ, ನೋಡಿದವರನ್ನು ನಾನು ಈವರೆಗೆ ಕಂಡಿಲ್ಲ. ಗಂಡಸು ಕೇಳುತ್ತಾನೆ: "ಹೊಳೆಯ ದಡದಿ ನಿಂತವಳೇ, ಯಾರ ದಾರಿ ಕಾಯುತೀ?" ಹೆಂಗಸು ನಿಟ್ಟುಸಿರಿಟ್ಟು ಹೇಳುತ್ತಾಳೆ: "ದೀಪ ಹಚ್ಚುವ ಹೊತ್ತಾಯಿತು, ಇನ್ನೂ ಬರಲಿಲ್ಲ." ಅಷ್ಟೇ. ಯಾರು ಬರಲಿಲ್ಲ ಎಂದು ಹೇಳುವುದಿಲ್ಲ. ಅದೇ ಆ ಹಾಡಿನ ಚಂದ ಎಂದು ನಮ್ಮ ಮನೆಯ ಅಭಿಪ್ರಾಯ.

ನನ್ನ ಹೆಂಡತಿ ನಾಗವೇಣಿಗೆ ಈ ಹಾಡಿನ ಮೇಲೆ ಒಂದು ತರಹದ ಹಕ್ಕು. ಆಗೆಲ್ಲ ನಾನು ಭಟ್ಕಳದಿಂದ ಖಾಲಿ ಗಾಡಿ ತಂದು ನಮ್ಮೂರು ಮಂಕಿಯ ಮನೆಗೆ ಮುಟ್ಟುವುದು ಸಂಜೆ. ಅವಳು ತುಳಸಿಗೆ ದೀಪವಿಟ್ಟು ಗೇಟಿನ ಹತ್ತಿರ ನಿಂತಿರುತ್ತಿದ್ದಳು. ದಾರಿಯಲ್ಲಿ ಗಾಡಿ ಕೆಟ್ಟರೆ ಹೇಳಿ ಕಳಿಸಲು ಮೊಬೈಲಿನ ಕಾಲವಲ್ಲ. ಹೀಗಾಗಿ ಗಂಡಸಿನ ಸಾಲು ನನ್ನದು, ಹೆಂಗಸಿನ ಸಾಲು ಅವಳದು ಎಂದು ಯಾರೂ ಹೇಳದೆ ಪಾಲಾಗಿತ್ತು. 'ಇನ್ನೂ ಬರಲಿಲ್ಲ' ಎಂಬಲ್ಲಿ ಅವಳ ದನಿ ತಾನಾಗಿ ಸಣ್ಣದಾಗುತ್ತದೆ. ಸುಪ್ರಿಯಾ ತೊಟ್ಟಿಲಲ್ಲಿ ಕೇಳಿದ್ದೂ ಇದನ್ನೇ.

ಆ ಕ್ಯಾಸೆಟ್ಟಿನ ವಿಷಯದಲ್ಲಿ ಇನ್ನೊಂದು ಹೆಮ್ಮೆ ಹೇಳಬೇಕು. ತಂದ ವಾರದಲ್ಲೇ, ಎರಡನೇ ಬದಿಯನ್ನು ನೆಟ್ಟಗೆ ಕೇಳುವ ಮೊದಲೇ, ಗಾಡಿಯ ಟೇಪ್ ರೆಕಾರ್ಡರು ಅದನ್ನು ನುಂಗಿತು. ರೀಲು ಮುದ್ದೆ ಮುದ್ದೆಯಾಗಿ ಹೊರಗೆ ಬಂತು. ಬೇರೆಯವರಾದರೆ ಎಸೆಯುತ್ತಿದ್ದರು. ನಾನು ಜಗಲಿಯ ಮೇಲೆ ಕೂತು ಸ್ಕ್ರೂ ಬಿಚ್ಚಿ, ಹಾಳಾದ ಮೊಳದಷ್ಟು ರೀಲನ್ನು ಬ್ಲೇಡಿನಿಂದ ಕತ್ತರಿಸಿ, ಉಳಿದ ಎರಡು ತುದಿಗಳನ್ನು ನಾಗವೇಣಿಯ ಬೆರಳಲ್ಲಿ ಹಿಡಿಸಿ, ಗಮ್ ಟೇಪಿನ ಒಂದು ಎಳೆಯಿಂದ ಅಂಟಿಸಿದೆ. ಹರಿದ ಬಲೆಯನ್ನು ನಮ್ಮಪ್ಪ ಹೀಗೇ ಜೋಡಿಸುತ್ತಿದ್ದ: ಕೆಟ್ಟ ಕಣ್ಣುಗಳನ್ನು ಕತ್ತರಿಸಿ ಒಗೆದು, ಒಳ್ಳೆಯದಕ್ಕೆ ಒಳ್ಳೆಯದನ್ನು ಕಟ್ಟಿ, ಎಲ್ಲಿ ಹರಿದಿತ್ತು ಎಂದು ಮೀನಿಗೂ ಗೊತ್ತಾಗದ ಹಾಗೆ.

ರೀಲು ಒಂದೇ, ಬದಿ ಎರಡು. ಹೀಗಾಗಿ ಆಚೆ ಬದಿಯ ಹಾಡಿಗೂ ಅಷ್ಟೇ ಉದ್ದದ ಗಾಯ ಆಗಿತ್ತು. ಅದು ಹೆಸರುವಾಸಿ ಹಾಡು. ಬಸ್ಸಿನಲ್ಲಿ, ಹೋಟೆಲಿನಲ್ಲಿ, ಮದುವೆಮನೆಯ ಮೈಕಿನಲ್ಲಿ ಪೂರ್ತಿಯಾಗಿ ಕೇಳಿಸುತ್ತಲೇ ಇತ್ತು. ಅದರಲ್ಲಿ ಹಾರಿದ ಸಾಲು ಯಾವುದೆಂದು ನಮ್ಮ ಕಿವಿಗೆ ಗೊತ್ತಿತ್ತು. ಈಚೆ ಬದಿಯ ಹಾಡನ್ನು ಬೇರೆಲ್ಲಿಯೂ ಕೇಳಲು ಸಿಗಲಿಲ್ಲ. ಅಂಟಿಸಿದ ಮೇಲೆ ಅದು ಹೇಗೆ ಬಂತೋ ಹಾಗೇ ಇದೆ ಎಂದು ತಿಳಿದೆವು. ಎರಡು ಮೂರು ತಿಂಗಳಲ್ಲಿ ಅಂಟಿಸಿದ್ದೂ ಮರೆತುಹೋಯಿತು. ಹೆಸರುವಾಸಿ ಹಾಡನ್ನು ಊರೇ ತಿದ್ದುತ್ತದೆ. ಯಾರಿಗೂ ಗೊತ್ತಿಲ್ಲದ ಹಾಡನ್ನು ತಿದ್ದುವವರಿಲ್ಲ. ಅದು ನಿಮ್ಮ ಮನೆಗೆ ಬಂದು, ನಿಮ್ಮ ಅನ್ನ ತಿಂದು, ನಿಮ್ಮ ಮುಖವನ್ನೇ ಪಡೆಯುತ್ತದೆ. ಈ ಮಾತು ನನಗೆ ಹೊಳೆದದ್ದು ಈಗ, ಎಲ್ಲ ಮುಗಿದ ಮೇಲೆ.

ಆಗ ನನಗಿದ್ದ ಚಿಂತೆ ಬೇರೆ. ಇಂಥ ಹಾಡಿಗೆ ಕರೋಕೆ ಸಿಗುತ್ತದೆಯೇ? ಭಟ್ಕಳಕ್ಕೆ ಮೀನು ಇಳಿಸಿದ ದಿನ ಜಾಫರ್ ಭಾಯಿಯ ಅಂಗಡಿಗೆ ಹೋದೆ. ಅಂಗಡಿ ಅದೇ, ಮಾಲು ಬೇರೆ. ಕ್ಯಾಸೆಟ್ಟಿದ್ದ ಕಪಾಟಿನಲ್ಲಿ ಈಗ ಮೊಬೈಲಿನ ಕವರುಗಳು ತೂಗುತ್ತಿವೆ. ಮನೆಯಲ್ಲಿ ನವಾಯತಿ, ಗಿರಾಕಿಯ ಜೊತೆ ಗಿರಾಕಿಯ ಭಾಷೆ, ಇದು ಅವರ ಪದ್ಧತಿ. ನಾನು ಹಾಡಿನ ಮೊದಲ ಸಾಲು ಗುನುಗಿದೆ. ಅವರು ಮೊಬೈಲಿನಲ್ಲಿ ಬೆರಳಾಡಿಸುತ್ತ, "ಅರೇ ಭಾಯ್, ಸಾವಿರ ಹಿಟ್ ಬಿಟ್ಟು ಇದೆಂಥದ್ದು ಹುಡುಕ್ತೀರಿ? ಇದನ್ನ ಹಾಡಿದವರೂ ಮರ್ತಿರ್ತಾರೆ," ಎಂದರು.

"ಅದಕ್ಕೇ ಬೇಕಾದ್ದು," ಎಂದೆ.

ಹುಡುಕಿ ಹುಡುಕಿ ಕೊನೆಗೆ ಸಿಕ್ಕಿತು. ಯಾರೋ ಪುಣ್ಯಾತ್ಮ ಕೀಬೋರ್ಡಿನಲ್ಲಿ ನುಡಿಸಿ ಹಾಕಿದ್ದ. ಶುರುವಿನ ವಾದ್ಯ ಕೇಳುತ್ತಿದ್ದ ಹಾಗೇ ನನಗೆ ನನ್ನ ಹಳೆಯ ಗಾಡಿಯ ಡೀಸೆಲ್ ವಾಸನೆ ಬಂತು. ಸಾಕು, ನಿಲ್ಲಿಸಿ ಎಂದೆ.

"ಪೂರಾ ಕೇಳಿ ಹೋಗಿ," ಎಂದರು ಜಾಫರ್ ಭಾಯಿ.

"ನಂಗ್ ಬರೂ ಹಾಡು ಅದು. ಕೇಳೂದೆಂತ?"

ಮಗಳೂ ಅದನ್ನೇ ಹೇಳಿದಳು, ಟ್ರ್ಯಾಕಿನ ಜೊತೆ ಒಂದು ಸಲ ಹಾಡಿ ನೋಡು ಎಂದು. ಅವಳಿಗೂ ಅದೇ ಉತ್ತರ ಕೊಟ್ಟೆ. ನಿಜ ಹೇಳಬೇಕೆಂದರೆ ಇನ್ನೊಂದು ಅಳುಕೂ ಇತ್ತು: ಪರದೆಯ ಮೇಲೆ ಓಡುವ ಕನ್ನಡ ಹಾಡಿನ ಸಾಲುಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಇರುತ್ತವೆ. ಕನ್ನಡ ಪೇಪರನ್ನು ನಾನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತೇನೆ. ಇಂಗ್ಲಿಷ್ ಅಕ್ಷರವನ್ನು ಗಾಡಿ ನಿಂತಾಗ ಓದಬಲ್ಲೆ, ಓಡುವಾಗ ಅಲ್ಲ. ಹೀಗಾಗಿ ಪರದೆ ನೋಡುವ ಪ್ರಸಂಗವೇ ಬರಬಾರದು ಎಂದು ಬೆಳಗಿನ ಜಾವ ಗಾಡಿಯಲ್ಲಿ ಒಬ್ಬನೇ ಹಾಡಿ ಹಾಡಿ ಗಟ್ಟಿ ಮಾಡಿದೆ. ಕುಮಟಾದ ದಾರಿಯಲ್ಲಿ ನನ್ನ ಎದುರು ಬಂದ ಲಾರಿಯವರು ಏನು ತಿಳಿದರೋ.

ಭಾನುವಾರ ಬಂತು. ಊಟ ಭರ್ಜರಿಯಾಗಿತ್ತು ಎಂದು ಆಮೇಲೆ ನಾಗವೇಣಿ ಹೇಳಿದಳು. ನನಗೆ ತಿಂದ ನೆನಪಿಲ್ಲ. ಹಾಲಿನಲ್ಲಿ ಕುರ್ಚಿ ಹಾಕಿದ್ದರು. ಮೊದಲು ಬೀಗರು ಹಾಡಿದರು. ಕಣ್ಣು ಮುಚ್ಚಿ, ಒಂದು ಕೈ ಎದೆಯ ಮೇಲಿಟ್ಟು, ಮೈಕಿಗೆ ಇಕೋ ಹಾಕಿ. ಚೆನ್ನಾಗಿಯೇ ಹಾಡಿದರು. ಅಕ್ಕ ಒಂದು ದೇವರನಾಮ ಹೇಳಿದರು, ಪರದೆ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ಅಳಿಯನ ದೋಸ್ತನೊಬ್ಬ ಎಲ್ಲರಿಗೂ ಗೊತ್ತಿರುವ ಒಂದು ಹಾಡು ಎತ್ತಿ, ನಡುವೆ ಒಂದೇ ಒಂದು ಶಬ್ದ ಹಿಂದೆ ಮುಂದೆ ಮಾಡಿದ. ಇಡೀ ಹಾಲು "ಏಯ್!" ಎಂದು ಕೂಗಿತು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವಳು ಕೂಡ ಅಲ್ಲಿಂದಲೇ ಸರಿ ಶಬ್ದ ಹೇಳಿದಳು. ನನಗೆ ಒಳಗೇ ಒಂದು ಸಮಾಧಾನ: ಬಂಗಡೆ, ಬಂಗಡೆ! ನಾನು ತಂದದ್ದು ಬೇರೆ ಮೀನು.

"ಈಗ ಮಂಕಿ ಬೀಗರು," ಎಂದರು ಬೀಗರು. ಜೋಡಿ ಹಾಡು ಎಂದು ತಿಳಿದು ಬೀಗಿತ್ತಿ ಎರಡನೇ ಮೈಕು ಹಿಡಿದು, ಕನ್ನಡಕ ಏರಿಸಿ, "ಹೆಂಗಸಿನ ಸಾಲು ನಾ ಓದಿ ಹೇಳ್ತೆ, ನೀವು ಹೆದರಬೇಡಿ" ಎಂದು ನಕ್ಕರು. ಹಾಡಿನ ಹೆಸರು ಕೇಳಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಕೇಳಿಲ್ಲ! ಅಕ್ಕ ಮುಂದಕ್ಕೆ ಬಾಗಿ ಕೂತರು. ಇದರ ಕಣ್ಣು ಹಿಂಗೇ ಇರೂದಾ ಎನ್ನುವ ಹಾಗೆ ನನ್ನನ್ನು ನೋಡಿದರು.

ಪಲ್ಲವಿ ಚೆನ್ನಾಗಿ ಹೋಯಿತು. ನನ್ನ ದನಿ ಆ ಮೈಕಿನಲ್ಲಿ ನನಗೇ ಯಾರೋ ದೊಡ್ಡವರ ದನಿಯ ಹಾಗೆ ಕೇಳಿಸಿತು. ಧೈರ್ಯ ಬಂತು. ಎದೆಯೆತ್ತಿ ಕೇಳಿದೆ: "ಹೊಳೆಯ ದಡದಿ ನಿಂತವಳೇ, ಯಾರ ದಾರಿ ಕಾಯುತೀ?"

ಇಷ್ಟು ವರ್ಷದ ರೂಢಿ ನೋಡಿ. ಪ್ರಶ್ನೆ ಬಿದ್ದ ಕೂಡಲೇ ಗೋಡೆಯ ಹತ್ತಿರದ ಕುರ್ಚಿಯಿಂದ ನಾಗವೇಣಿ, ಅಡುಗೆಮನೆಯ ಬಾಗಿಲಿನಿಂದ ಸುಪ್ರಿಯಾ, ಮೈಕಿಲ್ಲದೆ, ತಮಗೇ ಗೊತ್ತಿಲ್ಲದೆ, ಒಂದೇ ಉಸಿರಿನಲ್ಲಿ ಎತ್ತಿದರು: "ದೀಪ ಹಚ್ಚುವ ಹೊತ್ತಾಯಿತು..." ಅದೇ ಗಳಿಗೆಗೆ ಮೈಕಿನಲ್ಲಿ ಬೀಗಿತ್ತಿ ಪರದೆ ನೋಡಿ ಎತ್ತಿದರು: "ಯಾರ ದಾರಿಯೂ ಅಲ್ಲ ಅಣ್ಣ, ದೋಣಿ ದಾರಿ ಕಾಯುವೆ, ನಿಂತು ನಿಂತು ಕಾಲು ನೋವು, ಅಂಬಿಗನನು ಕೂಗುವೆ!"

ಇಕೋ ಹಾಕಿದ್ದರಲ್ಲ, 'ಅಣ್ಣ' ಎಂಬುದು ಹಾಲಿನ ನಾಲ್ಕೂ ಗೋಡೆಗೆ ಬಡಿದು ಅಣ್ಣ, ಅಣ್ಣ, ಅಣ್ಣ ಎಂದು ನನ್ನ ಮೇಲೆ ಬಂದು ಬಿತ್ತು.

ಬೀಗರು ಟ್ರ್ಯಾಕು ನಿಲ್ಲಿಸಿ, ಮುಂದೆ ಬರುವ ಸಾಲುಗಳನ್ನು ನೋಡಿ, ಮತ್ತೆ ಹಿಂದಕ್ಕೆ ತಂದರು. "ಬೀಗರೇ, ನಿಮ್ಮ ಕಡೆಯವ್ರು ಸೀದಾ ಎರಡನೇ ಚರಣಕ್ಕೆ ಹಾರಿದ್ರಲ್ಲ!" ಎಂದರು. ಅವರ ದನಿಯಲ್ಲಿ ಕುಹಕವಿರಲಿಲ್ಲ, ನಿಜ. ಆದರೆ ನಾನು ನೋಡಿದ್ದು ಅಕ್ಕನ ಮುಖ. ಅಂಗಳದಲ್ಲಿ ಅರ್ಧಕ್ಕೆ ನಿಂತ ಆ ವಾಕ್ಯ ಅವರ ತುಟಿಯ ತುದಿಗೆ ಬಂದು ಕೂತ ಹಾಗೆ ನನಗೆ ಕಂಡಿತು.

ನಾಗವೇಣಿ ಎದ್ದು ನಿಂತಳು. ಅವಳಿಗೆ ಬೀಗರು, ಬ್ಯಾಂಕು, ಇದ್ಯಾವುದರ ಹೆದರಿಕೆಯೂ ಇಲ್ಲ. "ನಮ್ದೆಂತ ಹಾರೂದು? ನಿಮ್ ಟಿವಿಯವ್ನೇ ಸುಳ್ಳ್ ಬರ್ದಾನೆ. ದಡದಲ್ಲಿ ನಿಂತ ಹೆಂಗಸು ಕಾಲು ನೋವು ಅಂತ ಹಾಡ್ತಾಳಾ?"

"ಇಲ್ಲ ಮಾರಾಯ್ತಿ, ಇಲ್ಲಿ ಹಂಗೇ ಅದೆ ನೋಡು," ಎಂದು ಬೀಗಿತ್ತಿ ಪರದೆ ತೋರಿಸಿದರು. ಸುಪ್ರಿಯಾ ಹತ್ತಿರ ಬಂದು ಓದಿದಳು. ಓದಿ, ನನ್ನ ಕಡೆ ತಿರುಗಿದಳು. ಆ ಹೊತ್ತಿಗೆ ನನ್ನ ಬೆರಳ ತುದಿಗೆ ಬ್ಲೇಡಿನ ನೆನಪು ಬಂದಿತ್ತು. ನಾನು ಬಾಯಿ ತೆರೆಯುವ ಮೊದಲೇ ನಾಗವೇಣಿಗೂ ಬಂತು.

"ಅಯ್ಯೋ ದೇವ್ರೇ! ಗಮ್ ಟೇಪು! ಹ್ಞಾಂ, ಜಗಲಿ ಮೇಲೆ ನೀವ್ ಕತ್ತರಿಸಿದ್ರಿ, ನಾನೇ ಹಿಡ್ಕಂಡಿದ್ದೆ!"

ಆಮೇಲೆ ಅವಳೇ ಎಲ್ಲರಿಗೂ ಹೇಳಿದಳು. ಟೇಪ್ ರೆಕಾರ್ಡರು ನುಂಗಿದ್ದು, ರೀಲು ಮುದ್ದೆಯಾದದ್ದು, ನಾನು ಎರಡು ತುದಿ ಅಂಟಿಸಿದ್ದು. "ಅಂಟಿಸಿದ್ದು ಮಾತ್ರ ಹೆಂಗೆ ಅಂಟಿಸಿದ್ರು ಅಂದ್ರೆ, ಇವತ್ತಿನವರೆಗೆ ಒಬ್ರಿಗೂ ಗೊತ್ತಾಗ್ಲಿಲ್ಲ," ಎಂದು ಕೊನೆಗೆ ನನ್ನ ಮಾನವನ್ನು ಒಂದಿಷ್ಟು ಎತ್ತಿ ಹಿಡಿದಳು. ನನ್ನ ಮಾನ ಆಗ ನೆಲದ ಮೇಲಿತ್ತು, ಎತ್ತಲು ಬಗ್ಗಬೇಕಾಗಿತ್ತು.

ಸುಪ್ರಿಯಾ ಏನು ಮಾಡುತ್ತಾಳೋ ಎಂದು ನನ್ನ ಜೀವ ಅಲ್ಲಿತ್ತು. ಇದು ಅವಳ ಮನೆಯಾಗುವ ಮನೆ. ಅವಳು ನಾಚಿ ಒಳಗೆ ಹೋಗಿದ್ದರೆ ನಾನು ತಪ್ಪು ತಿಳಿಯುತ್ತಿರಲಿಲ್ಲ. ಅವಳು ಅತ್ತೆಯಾಗುವವರ ಹತ್ತಿರ ಹೋಗಿ ಕೈ ನೀಡಿ, "ಅತ್ತೆ, ಆ ಮೈಕ್ ಒಂಚೂರು ಕೊಡಿ" ಎಂದಳು. ಆಮೇಲೆ ನನಗೆ: "ಅಪ್ಪ, ಇನ್ನೊಂದ್ಸಲ ಕೇಳು. ಟ್ರ್ಯಾಕ್ ಬ್ಯಾಡ. ನಮ್ಮನೆ ಹಾಡು ಹೆಂಗದ್ಯೋ ಹಂಗೇ."

ವಾದ್ಯವಿಲ್ಲದೆ ಕೇಳಿದೆ, ಯಾರ ದಾರಿ ಕಾಯುತೀ? ನನ್ನ ದನಿ ಈ ಸಲ ದೊಡ್ಡವರದ್ದಾಗಿರಲಿಲ್ಲ, ನನ್ನದೇ ಆಗಿತ್ತು. ತಾಯಿ ಮಗಳು ಸೇರಿ ದೀಪ ಹಚ್ಚಿದರು. 'ಇನ್ನೂ ಬರಲಿಲ್ಲ' ಎಂಬಲ್ಲಿ ಇಬ್ಬರ ದನಿಯೂ ಒಂದೇ ಅಳತೆಯಲ್ಲಿ ಸಣ್ಣದಾಯಿತು. ಯಾರೂ ಏಯ್ ಎನ್ನಲಿಲ್ಲ.

ಮುಗಿದ ಮೇಲೆ ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅತ್ತದ್ದಲ್ಲ, ನಕ್ಕದ್ದು; ಅವರು ಅಣ್ಣ, ಅಣ್ಣ ಎಂಬಲ್ಲಿಂದ ನಗಲು ಶುರು ಮಾಡಿ, ಹಾಡು ಮುಗಿಯಲಿ ಎಂದು ತಡೆದುಕೊಂಡು ಕೂತಿದ್ದರಂತೆ. ತಮ್ಮನ ತೊಡೆ ತಟ್ಟಿ ಹೇಳಿದರು:

"ನಾ ಅವತ್ತೇ ಹೇಳೂಕ್ ಹೊರಟಿದ್ದೆ ನೋಡು. ಹುಡುಗಿ ಮನೆಯವ್ರು ತಪ್ಪೂದಾದ್ರೂ ಒಟ್ಟಿಗೇ ತಪ್ತಾರೆ. ನಮ್ಮನೇಲಿ ಸರಿ ಹಾಡೂಕೂ ಒಬ್ರಿಗೊಬ್ರು ಕೂಡೂದಿಲ್ಲ."

ಅವತ್ತು ಅವರು ಹೇಳಲು ಹೊರಟದ್ದು ಇದೇ ಆಗಿರಲಿಕ್ಕಿಲ್ಲ. ಅಷ್ಟು ತಿಳಿಯದಷ್ಟು ದಡ್ಡ ನಾನಲ್ಲ. ಆದರೆ ನಾನು ಅಷ್ಟು ದಿನ ಅಂಟಿಸಿ ನೋಡಿದ ಬಾಲಗಳಿಗಿಂತ ಇದು ಚೆನ್ನಾಗಿ ಕೂತಿತು. ಜೋಡಿಸಿದ ಜಾಗ ಕಾಣಲಿಲ್ಲ. ಗಂಟಲಿನ ಮುಳ್ಳು ಇಳಿಯಿತು. ಊಟದ ರುಚಿಯೇ ನೋಡಿಲ್ಲ ಎಂದು ಆಗ ನೆನಪಾಗಿ, ಇನ್ನೊಂದು ಸಲ ಪಾಯಸ ಕೇಳಿ ಹಾಕಿಸಿಕೊಂಡೆ.

ಕತೆ ಇಲ್ಲಿಗೇ ಮುಗಿದಿದ್ದರೆ ನನ್ನ ಆತಂಕವೂ ಮುಗಿಯುತ್ತಿತ್ತು. ಸಂಜೆ, ಆ ದಿನಕ್ಕೆಂದು ಕೇಳಿ ತಂದಿದ್ದ ಕಾರಿನಲ್ಲಿ ಕುಮಟಾದಿಂದ ಹೊರಟೆವು. ಮಗಳು ಹಿಂದಿನ ಸೀಟಿನಲ್ಲಿ ಮೊಬೈಲು ಹಿಡಿದು ತನ್ನಷ್ಟಕ್ಕೆ ನಗುತ್ತಿದ್ದಳು; ಆ ನಗು ಯಾರ ಜೊತೆ ಎಂದು ಕೇಳುವ ಅಗತ್ಯವಿರಲಿಲ್ಲ. ನಾಗವೇಣಿ ಮಾತ್ರ ಸುಮ್ಮನೆ ಕೂತಿದ್ದಳು. ನಾಗವೇಣಿ ಸುಮ್ಮನೆ ಕೂತರೆ ನನಗೆ ಇಂಜಿನ್ನಿನಲ್ಲಿ ಹೊಸ ಸದ್ದು ಕೇಳಿದ ಹಾಗೆ.

"ಎಂತ ಆತು?" ಎಂದೆ.

"ಎಂತಾ ಇಲ್ಲ."

ಹೊನ್ನಾವರ ಬರುವವರೆಗೂ ಎಂತಾ ಇಲ್ಲ. ನಾನು ಊಟದಿಂದ ಹಿಡಿದು ಉಡುಗೊರೆಯವರೆಗೆ ಎಲ್ಲಿ ತಪ್ಪಿದೆನೋ ಎಂದು ಒಂದೊಂದಾಗಿ ತಡವಿ ನೋಡಿದೆ. ಕೊನೆಗೆ ಶರಾವತಿಯ ಸೇತುವೆ ಹತ್ತುವಾಗ ಅವಳೇ ಬಾಯಿಬಿಟ್ಟಳು.

"ನಾ ಇಷ್ಟ್ ವರ್ಷ ಅವಳು ಗಂಡನಿಗೆ ಕಾಯ್ತಿದ್ಳು ಅಂದ್ಕಂಡಿದ್ದೆ. ದೋಣಿಗಂತೆ! ಕಾಲು ನೋವಂತೆ!"

ನಾವು ಮನಸ್ಸಿಟ್ಟು ಹಾಡುತ್ತಿದ್ದದ್ದು, ಮಗುವನ್ನು ಮಲಗಿಸಿದ್ದು, ಕರೆಂಟು ಹೋದ ಎಷ್ಟೋ ಸಂಜೆ ಗುನುಗಿದ್ದು ಒಂದು ಹಾಸ್ಯದ ಹಾಡು. ಆ ಹೆಂಗಸಿಗೆ ಯಾರ ಮೇಲೂ ಪ್ರೀತಿ ಇರಲಿಲ್ಲ, ಕೇಳಿದವನನ್ನು ಅಣ್ಣ ಎಂದು ಕರೆದು ಕೈತೊಳೆದುಕೊಂಡಿದ್ದಳು. ಆಚೆ ದಡಕ್ಕೆ ಹೋಗಬೇಕಾಗಿತ್ತು ಅವಳಿಗೆ, ಅಷ್ಟೇ. ಅವಳ ಹಾಡಿನಿಂದ ಮೊಳದಷ್ಟು ರೀಲು ತೆಗೆದು, ಅವಳನ್ನು ಯಾರಿಗೋ ಕಾಯುವವಳನ್ನಾಗಿ ಮಾಡಿ ಇಷ್ಟು ಕಾಲ ದಡದಲ್ಲಿ ನಿಲ್ಲಿಸಿದವನು ನಾನು. ಈಗ ಹೆಂಡತಿಗೆ ಹಾಡೂ ಹೋಯಿತು, ಕಾದದ್ದೂ ಹೋಯಿತು ಎಂದಾದರೆ?

"ಜಾಫರ್ ಭಾಯಿ ಪೂರಾ ಕೇಳಿ ಅಂದಿದ್ರು," ಎಂದೆ, ಮೆಲ್ಲಗೆ. "ಕೇಳ್ಬೇಕಾಗಿತ್ತು."

"ಎಂತಕ್ಕೆ ಕೇಳೂದು?" ಅವಳು ತಟ್ಟನೆ ತಿರುಗಿದಳು. "ನೀವ್ ಕತ್ತರಿಸಿದ್ದೇ ಚೊಲೋ ಆತು. ನಾ ಗೇಟಿನಲ್ಲಿ 'ಕಾಲು ನೋವು' ಅಂತ ಹಾಡ್ತಾ ನಿಂತಿದ್ರೆ ನೀವ್ ಮನೆಗ್ ಬರ್ತಿದ್ರಾ?"

ಹಿಂದಿನ ಸೀಟಿನಲ್ಲಿ ನಗು ಜೋರಾಯಿತು. ಹೊಳೆಯ ಮೇಲೆ ಬೆಳಕು ಕಡಿಮೆಯಾಗುತ್ತಿತ್ತು. ದಡದ ಮನೆಗಳಲ್ಲಿ ಒಂದೊಂದೇ ದೀಪ. ಕೆಳಗೆ ಆಚೆ ದಡದ ಕಾಸರಕೋಡಿನ ಕಡೆಗೆ ಒಂದು ದೋಣಿ ಮೆಲ್ಲಗೆ ಬರುತ್ತಿತ್ತು. ನಾಗವೇಣಿ ಕಿಟಕಿಯಿಂದ ಅದನ್ನು ಸ್ವಲ್ಪ ಹೊತ್ತು ನೋಡಿದಳು.

"ಅಗೋ, ಅವಳ ದೋಣಿ ಬಂತು," ಎಂದಳು. "ಇನ್ನಾದ್ರೂ ಹತ್ತಿ ಹೋಗ್ಲಿ, ಪಾಪ. ಹಾಡು ನಮಗಿರ್ಲಿ."